ರಿಚ್ ಮುಲ್ಲಿನ್ಸ್: ಕೊಡಗಿನ ಗಾಯನ ವೃಂದಗಳು ಪದೇ ಪದೇ ಕೇಳುವ ಪ್ರಶ್ನೆಗಳು

ವಿರಾಜಪೇಟೆ, ಮಡಿಕೇರಿ, ಸುಂಟಿಕೊಪ್ಪ, ಸಿದ್ದಾಪುರ ಕಡೆಯ ಚರ್ಚುಗಳ ಹುಡುಗ ಹುಡುಗಿಯರು ಹಾಡಿನ ಅಭ್ಯಾಸಕ್ಕೆ ಸೇರಿದಾಗಲೆಲ್ಲ ಈ ಹಾಡುಗಾರರ ಬಗ್ಗೆ ಒಂದಲ್ಲ ಒಂದು ಪ್ರಶ್ನೆ ಏಳುತ್ತದೆ. ಬೆಂಗಳೂರು, ಮೈಸೂರಿನ ಕಾಲೇಜುಗಳಿಗೆ ಹೋದ ಮಕ್ಕಳು ರಜೆಗೆ ಬರುವಾಗ ಮೊಬೈಲಿನಲ್ಲಿ ಇವರ ಹಾಡುಗಳನ್ನು ತರುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಓದಿ, ನಿಮ್ಮ ವೃಂದದವರಿಗೂ ಓದಿ ಹೇಳಿ.

ರಿಚ್ ಮುಲ್ಲಿನ್ಸ್ ಯಾರು?

ಅಮೆರಿಕದ ಕ್ರೈಸ್ತ ಹಾಡುಗಾರ. ಬರೆಯುವುದು, ರಾಗ ಹಾಕುವುದು, ಹಾಡುವುದು ಮೂರೂ ಅವರದೇ. ಪೂರ್ಣ ಹೆಸರು ರಿಚರ್ಡ್ ವೇಯ್ನ್ ಮುಲ್ಲಿನ್ಸ್. 1955ರ ಅಕ್ಟೋಬರ್ 21ರಂದು ಇಂಡಿಯಾನಾ ರಾಜ್ಯದ ರಿಚ್ಮಂಡ್ ಊರಿನಲ್ಲಿ ಹುಟ್ಟಿ, 1997ರ ಸೆಪ್ಟೆಂಬರ್ 19ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು ಬರೀ 41. ‘ಆಸಮ್ ಗಾಡ್’ ಹಾಡು ಕೇಳದ ಯುವಜನ ಶಿಬಿರ ನಮ್ಮಲ್ಲಿ ಇರಲಿಕ್ಕಿಲ್ಲ. ಅದು ಇವರದು.

ಇವರು ಸೇರುವ ಸಂಗೀತಕ್ಕೆ ಸಮಕಾಲೀನ ಕ್ರೈಸ್ತ ಸಂಗೀತ ಎಂದು ಹೆಸರು. 1960ರ ದಶಕದ ಕೊನೆಗೆ ಅಮೆರಿಕದ ತರುಣರಲ್ಲಿ ಎದ್ದ ಯೇಸು ಚಳವಳಿಯಿಂದ ಅದು ಬೆಳೆಯಿತು. ಗಿಟಾರ್, ಡ್ರಮ್ಸ್, ರಾಕ್ ಮತ್ತು ಜನಪದ ಧಾಟಿಗಳಲ್ಲಿ ಕ್ರಿಸ್ತನ ಹಾಡು ಕಟ್ಟುವ ಪದ್ಧತಿ. ಲ್ಯಾರಿ ನಾರ್ಮನ್ ಅದಕ್ಕೆ ಮೊದಲಿಗರಲ್ಲಿ ಒಬ್ಬರು. ಮುಲ್ಲಿನ್ಸ್ ಅವರ ನಂತರದ ತಲೆಮಾರಿನವರು.

ಕೊಡಗಿನಲ್ಲಿ ಕೂತು ಅಮೆರಿಕದವರ ಬಗ್ಗೆ ಇಷ್ಟೊಂದು ಏಕೆ?

ಈ ಪ್ರಶ್ನೆಯನ್ನು ಹಿರಿಯರು ಕೇಳುತ್ತಾರೆ, ಕೇಳಬೇಕಾದದ್ದೇ. ನಮ್ಮಲ್ಲಿ ಹಾಡಿನ ಪರಂಪರೆ ಇಲ್ಲವೆಂದಲ್ಲ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕಥೋಲಿಕರಿಗೆ ದೊಡ್ಡ ವೀರರಾಜೇಂದ್ರರು ವಿರಾಜಪೇಟೆಯಲ್ಲಿ ನೆಲೆ ಕೊಟ್ಟ ಕಾಲದಿಂದ, ಸಂತ ಅನ್ನಮ್ಮನವರ ದೇವಾಲಯದ ಸುತ್ತ ಎರಡು ಶತಮಾನಕ್ಕೂ ಮೀರಿ ಪ್ರಾರ್ಥನೆಯೂ ಹಾಡೂ ನಡೆದು ಬಂದಿವೆ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದರು. ಅದೇ ಮಿಶನ್ನಿನ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ ಎಂದು ಕ್ರಿಸ್ತನ ಚರಿತ್ರೆಯನ್ನು ನಮ್ಮ ದೇಶದ ಛಂದಸ್ಸಿನಲ್ಲೇ ಕಟ್ಟಿದರು. ನಿಘಂಟಿನ ಕಿಟ್ಟೆಲ್ ಎಲ್ಲರಿಗೂ ಗೊತ್ತು, ಹಾಡು ಕಟ್ಟಿದ ಕಿಟ್ಟೆಲ್ ಗೊತ್ತಿರುವವರು ಕಡಿಮೆ. ಅದು ನನಗೆ ಸದಾ ಬೇಸರ ತರುವ ವಿಷಯ.

ಹಾಗಾದರೆ ಮುಲ್ಲಿನ್ಸ್ ಏಕೆ? ನಮ್ಮ ಹಾಡಿನ ಪುಸ್ತಕ ತೆರೆದು ನೋಡಿ. ಸ್ತುತಿಗೀತೆ ಬೇಕಾದಷ್ಟು ಇವೆ. ದೇವರ ಮುಂದೆ ಅತ್ತು ಮೊರೆಯಿಡುವ ಹಾಡು ಎಷ್ಟಿವೆ? 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿ ಮನೆ, ತೋಟ, ಗದ್ದೆ ಎಲ್ಲ ಮಣ್ಣಿನಡಿ ಹೋದಾಗ ನಮ್ಮ ಬಾಯಿಗೆ ಬಂದದ್ದು ಅದೇ ಚಪ್ಪಾಳೆಯ ಹಾಡುಗಳು. ಎಲ್ಲವನ್ನೂ ಕಳೆದುಕೊಂಡ ಅಮ್ಮನ ಎದುರು ಕೂತು ಅವನ್ನು ಹಾಡಲು ಗಂಟಲು ಏಳುವುದಿಲ್ಲ. ಸತ್ಯವೇದದ ಕೀರ್ತನೆಗಳಲ್ಲಿ ಮೊರೆಗೆ ಕೊರತೆಯಿಲ್ಲ. 13ನೆಯದು ‘ಇನ್ನೆಷ್ಟು ಕಾಲ’ ಎಂದು ಕೇಳುತ್ತದೆ, 88ನೆಯದು ಕತ್ತಲಲ್ಲೇ ಮುಗಿಯುತ್ತದೆ. ಸ್ತುತಿಯನ್ನೂ ಮೊರೆಯನ್ನೂ ಒಂದೇ ಬಾಯಲ್ಲಿ ಹಾಡಿದ ಇತ್ತೀಚಿನ ಹಾಡುಗಾರರಲ್ಲಿ ಮುಲ್ಲಿನ್ಸ್‌ಗಿಂತ ಪ್ರಾಮಾಣಿಕರನ್ನು ನಾನು ಕೇಳಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಅವರ ಬಾಲ್ಯ, ಮನೆತನ ಹೇಗಿತ್ತು?

ರೈತಾಪಿ ಮನೆ. ತಂದೆ ಜಾನ್ ಮರಗಿಡಗಳ ನರ್ಸರಿ ನಡೆಸುತ್ತಿದ್ದರು. ತಾಯಿ ನೇವಾ ಕ್ವೇಕರ್ ಪಂಗಡದವರು. ಕ್ವೇಕರರ ಆರಾಧನೆಯಲ್ಲಿ ಮೌನಕ್ಕೆ ದೊಡ್ಡ ಜಾಗ ಇದೆ. ಮನೆಯಲ್ಲಿ ಎಲ್ಲರೂ ಇವರನ್ನು ಕರೆಯುತ್ತಿದ್ದದ್ದು ವೇಯ್ನ್ ಎಂದೇ. ಚಿಕ್ಕಂದಿನಲ್ಲೇ ಪಿಯಾನೊ ಕೈಗೆ ಹತ್ತಿತು.

ನರ್ಸರಿ ಎಂದರೇನೆಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಪಾಲಿಥೀನ್ ಚೀಲಕ್ಕೆ ಕಾಡುಮಣ್ಣು, ಮರಳು, ಗೊಬ್ಬರ ಬೆರೆಸಿ ತುಂಬಿ, ಮೊಳಕೆಯೊಡೆದ ಕಾಫಿ ಬೀಜವನ್ನು ಒಂದೊಂದಾಗಿ ಊರಿ, ಚಪ್ಪರದ ನೆರಳಲ್ಲಿ ಸಾಲಾಗಿ ಇಟ್ಟು, ತಿಂಗಳುಗಟ್ಟಲೆ ಬಗ್ಗಿ ನೀರು ಹನಿಸುವ ಕೆಲಸ. ಅಲ್ಲಿನ ಗಿಡ ಬೇರೆ, ಹವೆ ಬೇರೆ. ಆದರೆ ಅಂಥ ಅಂಗಳದಲ್ಲಿ ಬೆಳೆದ ಹುಡುಗನಿಗೆ ಮಣ್ಣು, ಮಳೆ, ಹುಲ್ಲಿನ ಬಣ್ಣಗಳ ಮೇಲೆ ಕಣ್ಣು ನೆಡುತ್ತದೆ. 1993ರ ‘ದಿ ಕಲರ್ ಗ್ರೀನ್’ ಹಾಡು ಕೇಳಿದರೆ ಇದು ತಿಳಿಯುತ್ತದೆ. ಹೊಲದ ಮೇಲಿನ ಬೆಳಗನ್ನು ಅವರು ದೇವರ ಕೈಕೆಲಸವೆಂದು ನೋಡುತ್ತಾರೆ, ವರ್ಣನೆ ಪೂರಾ ರೈತನ ಕಣ್ಣಿನದು. ಅಪ್ಪ ಅಮ್ಮನ ಮೇಲೆಯೇ ಒಂದು ಹಾಡು ಬರೆದಿದ್ದಾರೆ, ‘ಫಸ್ಟ್ ಫ್ಯಾಮಿಲಿ’. 1989ರದು. ಕೂಲಿಯ ಬದುಕು, ಗಟ್ಟಿ ಕೈ, ಗಟ್ಟಿ ವಿಶ್ವಾಸ, ಎಲ್ಲಿಯೂ ಅಲಂಕಾರ ಮಾಡಿಲ್ಲ.

ಶಾಲೆ ಮುಗಿಸಿ 1974ರಲ್ಲಿ ಸಿನ್ಸಿನಾಟಿಯ ಬೈಬಲ್ ಕಾಲೇಜಿಗೆ ಸೇರಿದರು. ಅಲ್ಲಿ ಓದುವಾಗ ಹೊಟ್ಟೆಪಾಡಿಗೆ ವಾಹನ ನಿಲುಗಡೆಯ ಕಟ್ಟಡವೊಂದರಲ್ಲಿ ಕೆಲಸ ಮಾಡುತ್ತಿದ್ದರು. ಕೆಂಟಕಿಯ ಒಂದು ಮೆಥಡಿಸ್ಟ್ ಚರ್ಚಿನಲ್ಲಿ ಯುವಜನರ ಜೊತೆಯೂ ಸಂಗೀತದ ಜೊತೆಯೂ ದುಡಿದರು.

ಹೆಸರು ಬಂದದ್ದು ಹೇಗೆ?

ಇನ್ನೊಬ್ಬರ ದನಿಯಿಂದ. ಅವರು ಬರೆದ ‘ಸಿಂಗ್ ಯುವರ್ ಪ್ರೇಯ್ಸ್ ಟು ದ ಲಾರ್ಡ್’ ಹಾಡನ್ನು ಅಮೆರಿಕದ ಕ್ರೈಸ್ತ ಗಾಯಕಿ ಅಮಿ ಗ್ರಾಂಟ್ 1982ರ ‘ಏಜ್ ಟು ಏಜ್’ ಆಲ್ಬಮ್ಮಿನಲ್ಲಿ ಹಾಡಿದರು. ಆ ದನಿಮುದ್ರಣ ಶುರುವಾಗುವುದೇ ಬಾಖ್ ರಚಿಸಿದ ಸಿ ಮೈನರ್ ಫ್ಯೂಗಿನ ಪಿಯಾನೊದಿಂದ, ಅಲ್ಲಿಂದ ಒಮ್ಮೆಲೆ ಹಾಡಿಗೆ ಹಾರುತ್ತದೆ. ಕೀಬೋರ್ಡ್ ಕಲಿಯುತ್ತಿರುವ ಮಕ್ಕಳಿಗೆ ಇದನ್ನು ಕೇಳಿಸಿ, ಕಣ್ಣರಳಿಸುತ್ತಾರೆ. ಆ ಆಲ್ಬಮ್ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಹಾಡು ಬರೆದವನು ಯಾರೆಂದು ಕ್ರೈಸ್ತ ಸಂಗೀತೋದ್ಯಮದ ಕೇಂದ್ರವಾದ ನ್ಯಾಶ್‌ವಿಲ್ ನಗರದವರು ಕೇಳತೊಡಗಿದರು.

ರೀಯೂನಿಯನ್ ರೆಕಾರ್ಡ್ಸ್ ಸಂಸ್ಥೆಯಿಂದ ಅವರ ಸ್ವಂತ ಹೆಸರಿನ ಮೊದಲ ಆಲ್ಬಮ್ 1986ರಲ್ಲಿ ಬಂತು. ಮೊದಲೆರಡು ಆಲ್ಬಮ್ಮುಗಳಲ್ಲಿ ಆ ಕಾಲದ ಸಿಂಥಸೈಜರ್ ಸದ್ದೇ ಜಾಸ್ತಿ. ಮಾತಿನ ತೂಕ ಇದೆ, ಆದರೆ ಅವರ ನಿಜವಾದ ದನಿ ಇನ್ನೂ ಹೊರಬಿದ್ದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ‘ಎಲೈಜಾ’ ಒಂದನ್ನು ಮಾತ್ರ ಬಿಡಬೇಡಿ. ಸಾಯುವಾಗ, ಸುಂಟರಗಾಳಿಯಲ್ಲಿ ಸ್ವರ್ಗಕ್ಕೆ ಏರಿದ ಪ್ರವಾದಿ ಎಲೀಯನ ಹಾಗೆ ಹೋಗಬೇಕು ಎಂಬ ಆಸೆಯ ಹಾಡು. ಅವರು ತೀರಿಹೋದ ಮೇಲೆ ಅದನ್ನು ಕೇಳುವ ಬಗೆಯೇ ಬದಲಾಗಿದೆ.

‘ಆಸಮ್ ಗಾಡ್’ ಬಗ್ಗೆ ಸ್ವಲ್ಪ ಹೇಳಿ.

1988ರ ‘ವಿಂಡ್ಸ್ ಆಫ್ ಹೆವನ್, ಸ್ಟಫ್ ಆಫ್ ಅರ್ಥ್’ ಆಲ್ಬಮ್ಮಿನದು. ಪಲ್ಲವಿ ಎಲ್ಲರಿಗೂ ಬಾಯಿಪಾಠ. ನಮ್ಮ ಶಿಬಿರಗಳಲ್ಲಿ ಪಲ್ಲವಿಯನ್ನೇ ತಿರುಗಿಸಿ ತಿರುಗಿಸಿ ಹಾಡಿ, ಚಪ್ಪಾಳೆ ತಟ್ಟಿ, ಮುಗಿಸಿಬಿಡುತ್ತೇವೆ. ಚರಣಗಳನ್ನು ಓದಿ ನೋಡಿ. ಏದೆನ್ ತೋಟದಿಂದ ಹೊರಹಾಕಿದ್ದು, ಸೊದೋಮಿನ ಮೇಲಿನ ತೀರ್ಪು, ಶಿಲುಬೆಯ ಕರುಣೆ ಎಲ್ಲವೂ ಅಲ್ಲಿವೆ. ಧಾಟಿಯೂ ಮೈನರ್ ಸ್ವರದ್ದು, ಗಂಭೀರ. ಇದು ಕುಣಿಯುವ ಹಾಡಲ್ಲ, ನಡುಗಿಸುವ ಹಾಡು. ನಿಧಾನವಾಗಿ, ಚರಣ ಬಿಡದೆ ಹಾಡಿ. ಚರಣಗಳನ್ನು ಒಬ್ಬರೇ ಮಾತಿನ ಹಾಗೆ ಹೇಳಿ, ಪಲ್ಲವಿಗೆ ಎಲ್ಲರೂ ಸೇರಿದರೆ ಚೆನ್ನ.

‘ಸ್ಟೆಪ್ ಬೈ ಸ್ಟೆಪ್’ ಕೂಡ ಇವರದೇ ಅಲ್ಲವೇ?

ಪಲ್ಲವಿ ಇವರದಲ್ಲ. ಇವರ ಗೆಳೆಯ ಡೇವಿಡ್ ಸ್ಟ್ರಾಸರ್ ಬರೆದದ್ದು. ಬೀಕರ್ ಎಂದೇ ಎಲ್ಲರಿಗೂ ಗೊತ್ತು. 63ನೇ ಕೀರ್ತನೆಯ ಮೊದಲ ಮಾತು ಅದರ ಬೇರು. ಮುಲ್ಲಿನ್ಸ್ ಅದಕ್ಕೆ ಚರಣಗಳನ್ನು ಕಟ್ಟಿ 1992ರಲ್ಲಿ ‘ಸಮ್‌ಟೈಮ್ಸ್ ಬೈ ಸ್ಟೆಪ್’ ಎಂದು ಹಾಡಿದರು. ಅಬ್ರಹಾಮನು ನೋಡಿದ ನಕ್ಷತ್ರಗಳಲ್ಲಿ ಒಂದು ನನಗಾಗಿ ಹಚ್ಚಿಟ್ಟದ್ದಿರಬೇಕು ಎಂದು ನೆನೆಯುವ ಚರಣ ಅದರಲ್ಲಿದೆ. ಹಾಡಿನ ಹಾಳೆ ಟೈಪ್ ಮಾಡುವವರು ದಯವಿಟ್ಟು ಬೀಕರ್ ಹೆಸರನ್ನೂ ಹಾಕಿ.

ಅವರು ಕೋಲಿನಿಂದ ಬಡಿದು ನುಡಿಸುವ ತಂತಿವಾದ್ಯ ಯಾವುದು? ಸಂತೂರ್ ತರಹ ಕೇಳುತ್ತದೆ.

ನಿಮ್ಮ ಕಿವಿ ಸರಿಯಾಗಿದೆ. ಅದು ಹ್ಯಾಮರ್ಡ್ ಡಲ್ಸಿಮರ್. ಸಂತೂರೂ ಅದೂ ಒಂದೇ ಬಳಗದ ವಾದ್ಯಗಳು. ಕೆಳಗೆ ಅಗಲ, ಮೇಲೆ ಕಿರಿದಾದ ಮರದ ಪೆಟ್ಟಿಗೆ. ಅದರ ಮೇಲೆ ಸೇತುವೆಗಳನ್ನು ಹಾಯ್ದು ಬಿಗಿದ ತಂತಿಗಳ ಗುಂಪುಗಳು. ಎರಡು ಸಣ್ಣ ಮರದ ಸುತ್ತಿಗೆಗಳಿಂದ ಬಡಿಯುತ್ತಾರೆ. ಒಂದು ಏಟಿನ ದನಿ ಆರುವ ಮೊದಲೇ ಮುಂದಿನದು ಬೀಳುವುದರಿಂದ ನಾದ ಒಂದರ ಮೇಲೊಂದು ಹರಡುತ್ತದೆ, ಹೆಂಚಿನ ಮೇಲೆ ಮಳೆ ಶುರುವಾದ ಹಾಗೆ. ತೊಡೆಯ ಮೇಲಿಟ್ಟು ಮೀಟುವ ಇನ್ನೊಂದು ಡಲ್ಸಿಮರನ್ನೂ ಅವರು ನುಡಿಸುತ್ತಿದ್ದರು. ಅದು ಅಪಲೇಶಿಯನ್ ಗುಡ್ಡಗಾಡಿನ ಜನರ ವಾದ್ಯ, ಇದಕ್ಕೂ ಅದಕ್ಕೂ ಹೆಸರು ಬಿಟ್ಟರೆ ಸಂಬಂಧ ಕಡಿಮೆ.

‘ಕಾಲಿಂಗ್ ಔಟ್ ಯುವರ್ ನೇಮ್’ (1991) ಮತ್ತು ‘ಕ್ರೀಡ್’ (1993) ಎರಡರಲ್ಲೂ ಸುತ್ತಿಗೆಯ ಡಲ್ಸಿಮರ್ ಚೆನ್ನಾಗಿ ಕೇಳಿಸುತ್ತದೆ. ನಮ್ಮ ಕಡೆ ಈ ವಾದ್ಯ ಹುಡುಕಲು ಹೋಗಬೇಡಿ. ಚರ್ಚಿನ ಕೀಬೋರ್ಡು ಜನರಲ್ ಮಿಡಿ (ವಾದ್ಯದ ದನಿಗಳಿಗೆ ಎಲ್ಲ ಕಡೆ ಒಂದೇ ಸಂಖ್ಯೆ ಕೊಡುವ ಪದ್ಧತಿ) ಇರುವಂಥದ್ದಾದರೆ ಅದರ ಪಟ್ಟಿಯಲ್ಲಿ 16ನೇ ದನಿ ಡಲ್ಸಿಮರ್. ಅದನ್ನು ಹಾಕಿಕೊಂಡು, ಎರಡು ತೋರುಬೆರಳಿನಲ್ಲಿ ಎಡ ಬಲ ಎಂದು ಬದಲಿಸಿ ನುಡಿಸಿ. ಕಾರ್ಡ್ ಒತ್ತಬೇಡಿ.

ಒಂದೇ ಆಲ್ಬಮ್ ಕೇಳುವುದಾದರೆ ಯಾವುದು?

‘ಎ ಲಿಟರ್ಜಿ, ಎ ಲೆಗಸಿ ಅಂಡ್ ಎ ರಾಗಮಫಿನ್ ಬ್ಯಾಂಡ್’, 1993. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಅದರ ಮೊದಲ ಭಾಗವನ್ನು ಆರಾಧನಾ ವಿಧಿಯ ಕ್ರಮದಲ್ಲೇ ಜೋಡಿಸಿದ್ದಾರೆ. ಯೆಶಾಯನ 52ನೇ ಅಧ್ಯಾಯದ 10ನೇ ವಚನದ ಮೇಲೆ ಒಂದು ಹಾಡು, ಸೃಷ್ಟಿಯ ಸ್ತುತಿಗೆ ‘ದಿ ಕಲರ್ ಗ್ರೀನ್’, ಪಶ್ಚಾತ್ತಾಪದ ಜಾಗದಲ್ಲಿ ‘ಹೋಲ್ಡ್ ಮಿ ಜೀಸಸ್’, ಆಮೇಲೆ ವಿಶ್ವಾಸ ಪ್ರಮಾಣವಾಗಿ ‘ಕ್ರೀಡ್’, ಆಮೇಲೆ ಪರಮಪ್ರಸಾದದ ಶಾಂತಿ. ಪ್ರತಿ ಭಾನುವಾರ ಬಲಿಪೂಜೆಗೆ, ಅಂದರೆ ಕಥೋಲಿಕ ಚರ್ಚಿನ ಮಾಸ್‌ಗೆ, ಹೋಗುವವರಿಗೆ ಈ ಕ್ರಮ ತಕ್ಷಣ ಗುರುತು ಸಿಗುತ್ತದೆ. ಎರಡನೇ ಭಾಗದಲ್ಲಿ ತಮ್ಮ ದೇಶ, ತಮ್ಮ ನೆಲದ ಬಗ್ಗೆ ಹಾಡುತ್ತಾರೆ. ಅಲ್ಲಿ ಪ್ರೀತಿಯೂ ಇದೆ, ನೋವೂ ಇದೆ.

‘ಕ್ರೀಡ್’ ಬಗ್ಗೆ ಪ್ರತ್ಯೇಕ ಹೇಳಲೇಬೇಕು. ಅದರ ಮಾತುಗಳು ಪ್ರೇಷಿತರ ವಿಶ್ವಾಸ ಪ್ರಮಾಣವೇ. ನಾವು ನಿದ್ದೆಗಣ್ಣಿನಲ್ಲಿ ಗೊಣಗುವ ಅದೇ ಸಾಲುಗಳು. ನಡುವೆ ಅವರು ಸೇರಿಸಿದ್ದು ಒಂದೇ ವಿಚಾರ: ಈ ನಂಬಿಕೆಯನ್ನು ನಾನು ಮಾಡಿದ್ದಲ್ಲ, ಇದೇ ನನ್ನನ್ನು ಮಾಡುತ್ತಿದೆ. ಉಕ್ಕಿಬರುವ ಡಲ್ಸಿಮರಿನ ದನಿಯ ಮೇಲೆ ಇದನ್ನು ಕೇಳಿದ ಮೇಲೆ ಭಾನುವಾರ ವಿಶ್ವಾಸ ಪ್ರಮಾಣ ಹೇಳುವಾಗ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

‘ಹೋಲ್ಡ್ ಮಿ ಜೀಸಸ್’ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಲೋಭನೆಯೊಂದಿಗೆ ಸೆಣಸಿದ ಅನುಭವದಿಂದ ಹುಟ್ಟಿದ್ದೆಂದು ಅವರೇ ಹೇಳಿಕೊಂಡಿದ್ದರು. ಗೆದ್ದೆ ಎನ್ನುವ ಹಾಡಲ್ಲ ಅದು. ಎಲೆಯಂತೆ ನಡುಗುತ್ತಿದ್ದೇನೆ, ಹಿಡಿದುಕೋ ಎನ್ನುವ ಹಾಡು. ಆಸ್ಪತ್ರೆಯಲ್ಲಿ ಮಲಗಿದವರ ಪಕ್ಕ ಹಾಡಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ರಾಗಮಫಿನ್ ಬ್ಯಾಂಡ್ ಎಂಬ ಹೆಸರು ಎಲ್ಲಿಂದ ಬಂತು?

ಬ್ರೆನನ್ ಮ್ಯಾನಿಂಗ್ ಎಂಬ ಲೇಖಕರ ಪುಸ್ತಕದಿಂದ. ರಾಗಮಫಿನ್ ಎಂದರೆ ಹರಕು ಬಟ್ಟೆಯವನು. ಹರಕು ಬಟ್ಟೆಯವರಿಗೂ, ಸೋತವರಿಗೂ ದೇವರ ಕೃಪೆ ಪುಕ್ಕಟೆ ಎಂಬುದು ಅದರ ಸಾರ. ಆ ಮಾತು ಮುಲ್ಲಿನ್ಸ್ ಅವರ ಬದುಕಿಗೆ ಆಳವಾಗಿ ತಟ್ಟಿತು. ವೇದಿಕೆಗೆ ಬರಿಗಾಲಲ್ಲಿ, ಹಳೇ ಟೀ ಶರ್ಟಿನಲ್ಲಿ ಬರುತ್ತಿದ್ದರು.

ಅವರು ಗಳಿಸಿದ ಹಣ ಏನಾಯಿತು? ನಿಜವಾಗಿ ದಾನ ಮಾಡಿದರೇ?

ನಿಜ. ಆಲ್ಬಮ್ಮಿನಿಂದ, ಕಾರ್ಯಕ್ರಮಗಳಿಂದ ಬಂದ ಹಣವನ್ನು ಅವರ ಚರ್ಚಿನ ಹಿರಿಯರು ನೋಡಿಕೊಳ್ಳುವ ವ್ಯವಸ್ಥೆ ಮಾಡಿಕೊಂಡಿದ್ದರು. ಆಯಾ ವರ್ಷ ಅಮೆರಿಕದ ಸಾಮಾನ್ಯ ಕೆಲಸಗಾರನೊಬ್ಬನ ಸರಾಸರಿ ಸಂಬಳ ಎಷ್ಟೋ ಅಷ್ಟನ್ನು ಇವರಿಗೆ ಕೊಟ್ಟು, ಉಳಿದದ್ದನ್ನೆಲ್ಲ ದಾನಕ್ಕೆ ಹಾಕುತ್ತಿದ್ದರು. ಒಟ್ಟು ಎಷ್ಟು ಗಳಿಕೆ ಎಂದು ತಿಳಿಯಲು ಅವರು ಇಷ್ಟಪಡಲಿಲ್ಲ. ತಿಳಿದರೆ ಕೊಡುವುದು ಕಷ್ಟವಾಗುತ್ತದೆ ಎಂಬುದು ಅವರ ಎಣಿಕೆ. ಬಡ ಮಕ್ಕಳ ನೆರವಿಗೆ ಇರುವ ಕಂಪ್ಯಾಶನ್ ಇಂಟರ್‌ನ್ಯಾಶನಲ್ ಸಂಸ್ಥೆಯ ಪರವಾಗಿ ತಮ್ಮ ಕಾರ್ಯಕ್ರಮಗಳಲ್ಲಿ ಮಾತಾಡುತ್ತಿದ್ದರು.

ಎಲ್ಲರೂ ಹೀಗೇ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಕೆಲಸ ನಿಂತಾಗ ತೋಟದ ಕೂಲಿಯವರ ಲೈನ್ ಮನೆಯಲ್ಲಿ ಸಂಸಾರ ನಡೆಸುತ್ತಿರುವ ಗಿಟಾರಿಸ್ಟಿಗೆ ದಾನದ ಪಾಠ ಬೇಕಿಲ್ಲ, ಅವನಿಗೆ ಮದುವೆ ಮನೆಯಲ್ಲಿ ನುಡಿಸಿದ್ದಕ್ಕೆ ಸರಿಯಾದ ಸಂಭಾವನೆ ಬೇಕು. ಕೊಡಬೇಕಾದವರು ಕೊಡಿ.

ಪ್ರಸಿದ್ಧಿ ಬಿಟ್ಟು ಬುಡಕಟ್ಟಿನ ಮಕ್ಕಳಿಗೆ ಪಾಠ ಹೇಳಲು ಹೋದರಂತೆ?

ಹೌದು. ನ್ಯಾಶ್‌ವಿಲ್ ಬಿಟ್ಟು 1988ರಲ್ಲಿ ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರಕ್ಕೆ ಹೋಗಿ ನೆಲೆಸಿದರು. ಅಲ್ಲಿನ ಫ್ರೆಂಡ್ಸ್ ಯೂನಿವರ್ಸಿಟಿಯಲ್ಲಿ ಸಂಗೀತ ಶಿಕ್ಷಣದ ಪದವಿಗೆ ಓದಿದರು. ದೇಶವೆಲ್ಲ ಹಾಡುತ್ತಿದ್ದ ಹಾಡುಗಳನ್ನು ಬರೆದವರು ಹುಡುಗರ ಜೊತೆ ಬೆಂಚಿನಲ್ಲಿ ಕೂತು ಪರೀಕ್ಷೆ ಬರೆದರು. 1995ರಲ್ಲಿ ಪದವಿ ಸಿಕ್ಕಿತು. ಅದು ಮುಗಿದದ್ದೇ ನ್ಯೂ ಮೆಕ್ಸಿಕೊದ ಸೆ ಬೊನಿಟೊ ಎಂಬಲ್ಲಿಗೆ, ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ನಡುವೆ ಬದುಕಲು ಹೊರಟರು. ಜೊತೆಗೆ ತರುಣ ಹಾಡುಗಾರ ಮಿಚ್ ಮೆಕ್‌ವಿಕರ್. ಅಲ್ಲಿ ಮಕ್ಕಳಿಗೆ ಸಂಗೀತ ಕಲಿಸಿದರು.

ಮತಾಂತರ ಮಾಡಲು ಹೋದರೇ ಎಂದು ಕೆಲವರು ಕೇಳುತ್ತಾರೆ. ಅವರ ಮಾತು ಬೇರೆಯೇ ಇತ್ತು. ಬಿಳಿಯ ಮಧ್ಯಮವರ್ಗದ ಸುವಾರ್ತಾವಾದಿಗಳ ಕಣ್ಣಿನಿಂದ ದೇವರನ್ನು ನೋಡಿ ನೋಡಿ ಸಾಕಾಗಿದೆ, ನವಾಹೊಗಳ ನಡುವೆ ಕ್ರಿಸ್ತನನ್ನು ಕಾಣುವ ಸಾಧ್ಯತೆ ನನಗೆ ಹೆಚ್ಚು ಎಂಬ ಅರ್ಥದಲ್ಲಿ ಹೇಳಿದ್ದರು. ನಮ್ಮ ಬುಡಕಟ್ಟು ಜನರ ಹಾಡಿಗಳಿಗೆ (ಕೇರಿಗಳಿಗೆ), ಜೇನುಕುರುಬರ, ಯರವರ ಮನೆಗಳಿಗೆ ಕ್ರಿಸ್ಮಸ್ ಹಾಡಿನ ತಂಡ ಕಟ್ಟಿಕೊಂಡು ಹೋಗುವ ಯುವಜನರು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಾವು ಹಾಡಿ ಬರುವುದರ ಜೊತೆ ಅವರ ಹಾಡನ್ನೂ ಕೂತು ಕೇಳಿ ಬರೋಣ. ಆ ಜನರಲ್ಲಿ ಎಂಥ ಹಾಡುಗಳಿವೆ!

ಅವರು ಕಥೋಲಿಕರೋ, ಪ್ರೊಟೆಸ್ಟೆಂಟರೋ?

ಎರಡೂ ಕಡೆಯವರು ಇವರನ್ನು ತಮ್ಮವರೆನ್ನುತ್ತಾರೆ. ಬೆಳೆದದ್ದು ಕ್ವೇಕರರ ನಡುವೆ, ಆಮೇಲೆ ಸ್ವತಂತ್ರ ಕ್ರೈಸ್ತ ಸಭೆಯಲ್ಲಿ, ದುಡಿದದ್ದು ಮೆಥಡಿಸ್ಟರ ಬಳಿ. ಅಸಿಸಿಯ ಸಂತ ಫ್ರಾನ್ಸಿಸರ ಮೇಲೆ ಅಪಾರ ಪ್ರೀತಿ. ಬೀಕರ್ ಮೊದಲಾದ ಗೆಳೆಯರ ಜೊತೆ ಸೇರಿ ಸಂತರ ಹೆಸರಿನಲ್ಲಿ ಒಂದು ಸಣ್ಣ ಸಹೋದರ ಬಳಗ ಮಾಡಿಕೊಂಡಿದ್ದರು. ಫ್ರಾನ್ಸಿಸರ ಬದುಕನ್ನು ಕ್ಯಾನ್ಸಸ್ ಬಯಲಿಗೆ ತಂದು 1997ರಲ್ಲಿ ‘ಕ್ಯಾಂಟಿಕಲ್ ಆಫ್ ದ ಪ್ಲೇನ್ಸ್’ ಎಂಬ ಸಂಗೀತ ನಾಟಕವನ್ನೂ ಕಟ್ಟಿದರು. ಕೊನೆಯ ವರ್ಷಗಳಲ್ಲಿ ಬಲಿಪೂಜೆಗೆ ಹೋಗುತ್ತಿದ್ದರು, ಕಥೋಲಿಕ ಸಭೆಯ ಬೋಧನೆಯನ್ನು ಕಲಿಯುತ್ತಿದ್ದರು. ವಿಧಿವತ್ತಾಗಿ ಸೇರುವ ಮೊದಲೇ ತೀರಿಕೊಂಡರು. ಇಷ್ಟು ಖಚಿತ. ಇದನ್ನು ಹಿಡಿದು ಪ್ರೊಟೆಸ್ಟೆಂಟರ ಸಿಎಸ್ಐ ಸಭೆಯ ಹುಡುಗರೂ ನಮ್ಮ ಕಥೋಲಿಕ ಹುಡುಗರೂ ವಾದಕ್ಕಿಳಿಯುವುದು ಬೇಡ. ಇಬ್ಬರೂ ಸೇರಿ ಹಾಡಬಹುದಾದ ಹಾಡುಗಳು ಇವು.

ಮದುವೆಯಾಗಿತ್ತೇ?

ಇಲ್ಲ. ಒಮ್ಮೆ ನಿಶ್ಚಿತಾರ್ಥವಾಗಿ ಮುರಿದುಹೋಯಿತು. ಆಮೇಲೆ ಒಂಟಿಯಾಗಿಯೇ ಉಳಿದರು. ಒಂಟಿತನದ ಎಳೆ ಅನೇಕ ಹಾಡುಗಳಲ್ಲಿ ಇದೆ.

ಕುಡಿಯುತ್ತಿದ್ದರು ಎಂದು ಕೇಳಿದೆ. ಅಂಥವರ ಹಾಡು ಚರ್ಚಿನಲ್ಲಿ ಹಾಡಬಹುದೇ?

ಕುಡಿತದೊಂದಿಗೆ ಅವರಿಗೆ ಹೋರಾಟ ಇದ್ದದ್ದು ನಿಜ, ಅವರನ್ನು ಬಲ್ಲವರು ಮುಚ್ಚಿಟ್ಟಿಲ್ಲ. 2014ರಲ್ಲಿ ಬಂದ ಅವರ ಜೀವನದ ಚಿತ್ರದಲ್ಲೂ ಅದಿದೆ. ಕೊಡಗಿನಲ್ಲಿ ಕುಡಿತದಿಂದ ಕೆಟ್ಟ ಮನೆಗಳನ್ನು ನಾವೆಲ್ಲ ನೋಡಿದ್ದೇವೆ. ಆ ಮನೆಯ ಹೆಂಗಸರು ನುಂಗಿದ ನೋವನ್ನು ಹಗುರ ಮಾಡಿ ಮಾತಾಡಲು ನನಗೆ ಮನಸ್ಸಿಲ್ಲ. ಆದರೆ ದಾವೀದನ ಕೀರ್ತನೆಗಳನ್ನು ನಾವು ಹಾಡುತ್ತೇವಲ್ಲ? 51ನೇ ಕೀರ್ತನೆ ಪಾಪ ಮಾಡಿ ಒಡೆದುಹೋದವನ ಮೊರೆ. ಮುಲ್ಲಿನ್ಸ್ ತಮ್ಮನ್ನು ಸಂತನೆಂದು ತೋರಿಸಿಕೊಳ್ಳಲಿಲ್ಲ. ಕುಡಿತ ಬಿಡಲು ಒದ್ದಾಡುತ್ತಿರುವ ಒಬ್ಬ ಅಣ್ಣ ಚರ್ಚಿನ ಕೊನೆಯ ಸಾಲಿನಲ್ಲಿ ನಿಂತು ‘ಹೋಲ್ಡ್ ಮಿ ಜೀಸಸ್’ ಹಾಡಬಲ್ಲ. ಚಪ್ಪಾಳೆಯ ಹಾಡಿನಲ್ಲಿ ಅವನಿಗೆ ಜಾಗವೇ ಇಲ್ಲ.

ಅಪಘಾತ ಹೇಗಾಯಿತು?

1997ರ ಸೆಪ್ಟೆಂಬರ್ 19ರ ರಾತ್ರಿ. ವಿಚಿಟಾದಲ್ಲಿ ಒಂದು ಸಹಾಯಾರ್ಥ ಕಾರ್ಯಕ್ರಮವಿತ್ತು, ಅಲ್ಲಿಗೆ ಹೊರಟಿದ್ದರು. ಇಲಿನಾಯ್ ರಾಜ್ಯದ ಹೆದ್ದಾರಿಯಲ್ಲಿ ಮುಲ್ಲಿನ್ಸ್ ಮತ್ತು ಮೆಕ್‌ವಿಕರ್ ಇದ್ದ ಜೀಪು ಪಲ್ಟಿ ಹೊಡೆಯಿತು. ಇಬ್ಬರೂ ಸೀಟ್ ಬೆಲ್ಟ್ ಹಾಕಿರಲಿಲ್ಲ, ಹೊರಗೆ ಎಸೆಯಲ್ಪಟ್ಟರು. ಹಿಂದಿನಿಂದ ಬಂದ ದೊಡ್ಡ ಲಾರಿಯೊಂದು ಜೀಪನ್ನು ತಪ್ಪಿಸಲು ತಿರುಗಿದಾಗ ರಸ್ತೆಯಲ್ಲಿ ಬಿದ್ದಿದ್ದ ಮುಲ್ಲಿನ್ಸ್ ಅದರಡಿ ಸಿಕ್ಕಿದರು. ಮೆಕ್‌ವಿಕರ್ ತೀವ್ರವಾಗಿ ಗಾಯಗೊಂಡರೂ ಬದುಕಿ ಉಳಿದರು.

ಅಭ್ಯಾಸ ಮುಗಿಸಿ ರಾತ್ರಿ ಜೀಪಿನಲ್ಲಿ ಘಾಟಿ ಇಳಿಯುವ ಹುಡುಗರೇ, ಹಿಂದೆ ಕೂತವರೂ ಬೆಲ್ಟ್ ಹಾಕಿ. ಆನೆ ದಾಟುವ ರಸ್ತೆ, ಮಂಜು ಮುಸುಕಿದ ತಿರುವು, ಒದ್ದೆ ಟಾರು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ.

ಕೊನೆಯ ಕ್ಯಾಸೆಟ್ ಎಂದು ಹೇಳುತ್ತಾರಲ್ಲ, ಅದೇನು?

ಯೇಸುವಿನ ಬಗ್ಗೆಯೇ ಪೂರಾ ಒಂದು ಆಲ್ಬಮ್ ಮಾಡಬೇಕೆಂದು ಅವರು ಹಾಡುಗಳನ್ನು ಬರೆದಿಟ್ಟಿದ್ದರು. ಸಾಯುವುದಕ್ಕೆ ಒಂಬತ್ತು ದಿನ ಮೊದಲು, ಪಾಳುಬಿದ್ದ ಒಂದು ಚರ್ಚಿನಲ್ಲಿ ಕೂತು, ಸಾಧಾರಣ ಕ್ಯಾಸೆಟ್ ರೆಕಾರ್ಡರಿಗೆ ಆ ಹಾಡುಗಳನ್ನು ಹಾಡಿದರು. ಸ್ಟುಡಿಯೋದಲ್ಲಿ ಮಾಡುವ ಮೊದಲಿನ ಕಚ್ಚಾ ಪ್ರತಿ ಅದು. ಸ್ಟುಡಿಯೋಗೆ ಹೋಗಲು ಅವರು ಉಳಿಯಲಿಲ್ಲ. ಗೆಳೆಯರು ಅವನ್ನು ಹಾಡಿ ಮುಗಿಸಿದರು. 1998ರಲ್ಲಿ ‘ದಿ ಜೀಸಸ್ ರೆಕಾರ್ಡ್’ ಎಂದು ಎರಡು ಸಿಡಿಗಳಾಗಿ ಬಂತು. ಒಂದರಲ್ಲಿ ಗೆಳೆಯರ ದನಿ, ಇನ್ನೊಂದರಲ್ಲಿ ಆ ಕ್ಯಾಸೆಟ್.

ಎರಡನೆಯದನ್ನೇ ಕೇಳಿ. ಸದ್ದು ಮಸುಕು, ಕೋಣೆಯ ಪ್ರತಿಧ್ವನಿ, ಗಂಟಲು ಅಲ್ಲಲ್ಲಿ ಒಡೆಯುತ್ತದೆ. ‘ಹಾರ್ಡ್ ಟು ಗೆಟ್’ ಹಾಡಿನಲ್ಲಿ ಯೇಸುವನ್ನೇ ಕೇಳುತ್ತಾರೆ: ಈ ನೆಲದ ಮೇಲೆ ಬದುಕುವುದು ಎಷ್ಟು ಕಷ್ಟ ಎಂದು ನಿನಗೆ ನೆನಪಿದೆಯೇ? ನಾನು ಮೇಲೆ ಮೊರೆಯ ಹಾಡು ಎಂದೆನಲ್ಲ, ಅದು ಇದು. ಇದನ್ನು ಅವಿಶ್ವಾಸ ಎನ್ನುವವರಿದ್ದಾರೆ. ದೇವರು ಕೇಳುತ್ತಾನೆಂಬ ನಂಬಿಕೆ ಇಲ್ಲದವರು ಹೀಗೆ ಕೇಳುವುದೇ ಇಲ್ಲ.

ಆ ಕ್ಯಾಸೆಟ್ಟಿನಿಂದ ನಮ್ಮ ವೃಂದಗಳಿಗೆ ಇನ್ನೊಂದು ಉಪಕಾರವೂ ಇದೆ. ಜುಲೈ ತಿಂಗಳಲ್ಲಿ ಮರ ಬಿದ್ದು ತಂತಿ ಹರಿದರೆ ನಮಗೆ ದಿನಗಟ್ಟಲೆ ಕರೆಂಟಿಲ್ಲ. ಕೀಬೋರ್ಡಿಲ್ಲ, ಮೈಕಿಲ್ಲ ಎಂದು ಅಭ್ಯಾಸ ನಿಲ್ಲಿಸುವವರು ಇದನ್ನು ಕೇಳಬೇಕು. ಒಂದು ವಾದ್ಯ, ಒಂದು ಗಂಟಲು ಇದ್ದರೆ ಹಾಡು ನಡೆಯುತ್ತದೆ.

ಪ್ರಶಸ್ತಿಗಳು?

ಕ್ರೈಸ್ತ ಸಂಗೀತದ ಡವ್ ಪ್ರಶಸ್ತಿಗೆ ಹಲವು ಸಲ ಹೆಸರು ಹೋಗಿತ್ತು, ಬದುಕಿದ್ದಾಗ ಬರಲಿಲ್ಲ. ವರ್ಷದ ಕಲಾವಿದ ಎಂಬ ಗೌರವ ಸತ್ತ ಮರುವರ್ಷ ಬಂತು.

ಇವರ ಹಾಡುಗಳನ್ನು ಕನ್ನಡಕ್ಕೆ ತಂದು ಹಾಡಬಹುದೇ? ಯೂಟ್ಯೂಬಿಗೆ ಹಾಕಬಹುದೇ?

ಎರಡೂ ಬೇರೆ ಬೇರೆ ವಿಷಯ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಧಾರ್ಮಿಕ ವಿಧಿಯ ಭಾಗವಾಗಿ ಹಾಡನ್ನು ಹಾಡುವುದನ್ನು ಉಲ್ಲಂಘನೆ ಎಂದು ಎಣಿಸುವುದಿಲ್ಲ. ಆದ್ದರಿಂದ ಚರ್ಚಿನ ಆರಾಧನೆಯಲ್ಲಿ ಹಾಡುವುದಕ್ಕೆ ಕಾನೂನಿನ ಹೆದರಿಕೆ ಬೇಡ. ಬಲಿಪೂಜೆಯಲ್ಲಾದರೆ ಮೊದಲು ಫಾದರ್ ಅವರಿಗೆ ಹಾಡಿನ ಮಾತುಗಳನ್ನು ತೋರಿಸಿ ಒಪ್ಪಿಗೆ ಪಡೆಯಿರಿ. ವಿಶ್ವಾಸ ಪ್ರಮಾಣದ ಜಾಗದಲ್ಲಿ ‘ಕ್ರೀಡ್’ ಹಾಡುವುದು ಬೇಡ, ಅಲ್ಲಿ ಸಭೆಯ ನಿಗದಿತ ಮಾತುಗಳೇ ಇರಬೇಕು.

ಅನುವಾದಿಸಿ ಪುಸ್ತಕ ಅಚ್ಚು ಹಾಕಿಸುವುದು, ದನಿಮುದ್ರಿಸಿ ಯೂಟ್ಯೂಬಿಗೆ ಏರಿಸುವುದು ಬೇರೆ ಮಾತು. ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಮುಲ್ಲಿನ್ಸ್ ಒಬ್ಬರೇ ಬರೆದ ಹಾಡುಗಳಿಗೆ ಅದು 2057ರ ಕೊನೆಯವರೆಗೆ. ಅಲ್ಲಿಯವರೆಗೆ ಹಕ್ಕುದಾರ ಪ್ರಕಾಶಕರ ಅನುಮತಿ ಬೇಕು. ಒಳ್ಳೆಯ ಉದ್ದೇಶಕ್ಕೆ ತಾನೇ ಎಂದು ಬಿಡಬೇಡಿ. ಬರೆದವರ ದುಡಿಮೆಗೆ ಮರ್ಯಾದೆ ಕೊಡುವುದೂ ವಿಶ್ವಾಸದ ಭಾಗವೇ.

ನಾವೂ ಹಾಡು ಬರೆಯಬೇಕು. ಎಲ್ಲಿಂದ ಶುರು ಮಾಡೋಣ?

ಈ ಪ್ರಶ್ನೆ ಕೇಳಿದವರೆಲ್ಲರ ಮೇಲೆ ನನಗೆ ವಿಶೇಷ ಪ್ರೀತಿ. ಮುಲ್ಲಿನ್ಸ್ ಕ್ಯಾನ್ಸಸ್ ಬಯಲಿನ ಗಾಳಿ, ಕಾಡೆಮ್ಮೆಗಳ ಗೊರಸಿನ ಸದ್ದನ್ನು ದೇವರ ಸ್ತುತಿಗೆ ತಂದರು. ನಮ್ಮ ಹುಡುಗರು ಬರೆದ ಹಾಡುಗಳಲ್ಲಿ ಅದೇ ಸಾಗರ, ಅದೇ ಮರುಭೂಮಿ, ಅದೇ ಹಿಮ. ಕೊಡಗಿನಲ್ಲಿ ಎಲ್ಲಿದೆ ಮರುಭೂಮಿ? ಫೆಬ್ರುವರಿ, ಮಾರ್ಚಿನಲ್ಲಿ ಹೂಮಳೆಗೆ ಮುಗಿಲು ನೋಡುತ್ತಾ ಕೂರುವ ಸಂಸಾರಗಳಿಲ್ಲವೇ? ಆ ಒಂದು ಮಳೆ ಸಕಾಲಕ್ಕೆ ಬಂದರೆ ಕಾಫಿ ತೋಟವೆಲ್ಲ ಬೆಳ್ಳಗೆ ಅರಳಿ ಊರೇ ಘಮಘಮ, ಬರದಿದ್ದರೆ ವರ್ಷದ ಬೆಳೆಗೆ ಹೊಡೆತ. ದೇವರನ್ನು ಕಾಯುವುದು ಎಂದರೇನೆಂದು ಇದಕ್ಕಿಂತ ಚೆನ್ನಾಗಿ ಹೇಳಲು ಯಾವ ಚಿತ್ರ ಬೇಕು? ಒಳ್ಳೆಮೆಣಸು ಕುಯ್ಯಲು ಏಣಿ ಹತ್ತಿದವನ ಜೀವಭಯ, ಕಣದಲ್ಲಿ ಕಾಫಿ ಹರವಿ ಮೋಡ ಕಟ್ಟಿದಾಗ ಓಡುವ ಓಟ, ಕಾವೇರಿ ತುಂಬಿ ಸಿದ್ದಾಪುರದ ಕರಡಿಗೋಡಿನ ಮನೆಗಳಿಗೆ ನೀರು ನುಗ್ಗುವ ರಾತ್ರಿ, ಎಲ್ಲವೂ ಹಾಡಿಗೆ ಕಾದು ಕೂತಿವೆ.

ಕೆಲವು ಮಾತು ಹೇಳುತ್ತೇನೆ. ಮೊದಲು ಕೀರ್ತನೆಗಳನ್ನು ಗಟ್ಟಿಯಾಗಿ ಓದಿ, ಮೊರೆಯವುಗಳನ್ನು ಹೆಚ್ಚಾಗಿ. ಪಲ್ಲವಿಗೆ ಮೊದಲು ಚರಣ ಬರೆಯಿರಿ, ಹೇಳಲು ಏನಾದರೂ ಇದೆಯೇ ಎಂದು ಅಲ್ಲೇ ತಿಳಿಯುತ್ತದೆ. ರಾಗ ಕೂಡಿಸುವಾಗ ಮನೆಯಲ್ಲಿ ಅಜ್ಜಿ ಗುನುಗುವ ಧಾಟಿಯನ್ನು ಕೇಳಿಸಿಕೊಳ್ಳಿ, ಅದು ಕೊಂಕಣಿಯಾಗಿರಲಿ, ತಮಿಳಾಗಿರಲಿ, ಮಲಯಾಳವಾಗಿರಲಿ. ನಮ್ಮ ಒಂದು ಬೆಂಚಿನಲ್ಲಿ ಮೂರು ಭಾಷೆಯವರು ಕೂತು ಕನ್ನಡದಲ್ಲಿ ಪ್ರಾರ್ಥಿಸುತ್ತಾರೆ. ಅಂಥ ಸಭೆಗೆ ಹಾಡು ಕಟ್ಟುವ ಭಾಗ್ಯ ನಿಮ್ಮದು. ಬರೆದದ್ದನ್ನು ಗಿಟಾರ್ ಇಲ್ಲದೆ ಒಮ್ಮೆ ಹಾಡಿ ನೋಡಿ. ಬರಿಗಂಟಲಿಗೆ ನಿಲ್ಲದಿದ್ದರೆ ಮತ್ತೆ ಬರೆಯಿರಿ.

ಯಾವ ಸಮಯಕ್ಕೆ ಯಾವ ಹಾಡು ಸೂಕ್ತ?

ಯುವಜನ ಶಿಬಿರದ ಬೆಳಗಿನ ಪ್ರಾರ್ಥನೆಗೆ ‘ಸಮ್‌ಟೈಮ್ಸ್ ಬೈ ಸ್ಟೆಪ್’. ಈಸ್ಟರಿಗೆ ಮೊದಲಿನ ತಪಸ್ಸುಕಾಲದ ಸಂಜೆಗೆ ‘ಹೋಲ್ಡ್ ಮಿ ಜೀಸಸ್’. ಧರ್ಮೋಪದೇಶದ ಮಕ್ಕಳಿಗೆ ವಿಶ್ವಾಸ ಪ್ರಮಾಣ ಕಲಿಸುವಾಗ ‘ಕ್ರೀಡ್’ ಕೇಳಿಸಿ. ಸಾವಿನ ಮನೆಯಲ್ಲಿ ಇಂಗ್ಲಿಷ್ ಹಾಡು ಬೇಡ, ಮನೆಯವರ ಭಾಷೆಯದ್ದೇ ಇರಲಿ.

ಹೊಸಬರು ಕೇಳಲು ಎಲ್ಲಿಂದ ತೊಡಗಬೇಕು?

1996ರ ‘ಸಾಂಗ್ಸ್’ ಆಯ್ದ ಹಾಡುಗಳ ಸಂಗ್ರಹ, ಪರಿಚಯಕ್ಕೆ ಅದು ಸಾಕು. ಇಷ್ಟವಾದರೆ 1993ರ ಆಲ್ಬಮ್ಮಿಗೆ ಹೋಗಿ, ಹಾಡುಗಳ ಕ್ರಮ ಬದಲಿಸದೆ ಮೊದಲಿನಿಂದ ಕೊನೆಯವರೆಗೆ ಕೇಳಿ. ಕ್ಯಾಸೆಟ್ಟಿನ ದನಿಯನ್ನು ಆಮೇಲೆ ಇಟ್ಟುಕೊಳ್ಳಿ. ಹಾಡಿನ ಮಾತು ಅರ್ಥವಾಗದವರು ನಿಮ್ಮ ವೃಂದದಲ್ಲಿದ್ದರೆ ಒಂದೊಂದು ಚರಣ ನಿಲ್ಲಿಸಿ ಕನ್ನಡದಲ್ಲಿ ಹೇಳಿ, ಆಮೇಲೆ ಮುಂದೆ ಹಾಕಿ.